ಟೈರ್ ಗೋಡೆಗೆ ವೈರ್ ಕಟ್ಟಬೇಡಿ: ಮಣ್ಣಿನ ರೇಸ್ ಟ್ರ್ಯಾಕಿಗೆ ಕೇಬಲ್ ಎಳೆಯುವ ಬಗೆ

ನನ್ನದು ಮುಧೋಳ. ಮೊದಲು ಮದುವೆ, ಜಾತ್ರೆಗೆ ಲೈಟು-ಮೈಕು ಹಾಕುತ್ತಿದ್ದೆ. ಈಗ ಕಾರು, ಬೈಕು ಓಡುವ ಮಣ್ಣಿನ ಟ್ರ್ಯಾಕುಗಳಿಗೂ ಕೇಬಲ್ ಎಳೆಯುತ್ತೇನೆ.

ಮೊದಲ ಟ್ರ್ಯಾಕಿನಲ್ಲೇ ತಪ್ಪು ಮಾಡಿದ್ದೆ. ಹಿಂದಿನ ಗಾಡಿಗಳನ್ನು ಎಚ್ಚರಿಸುವ ಸೈರನ್ನಿನ ವೈರನ್ನು, ತಿರುವಿನಲ್ಲಿ ಗಾಡಿ ತಡೆಯಲು ಪೇರಿಸಿದ ಟೈರ್ ಸಾಲಿಗೇ ಸುತ್ತಿ ಕಟ್ಟಿದ್ದೆ. ಒಂದು ಜಿಪ್ಸಿ ಕಾರು ಬಂದು ಗುದ್ದಿತು. ಸಾಲು ಎರಡು ಗೇಣು ಹಿಂದೆ ಸರಿಯಿತು, ವೈರು ಬಾಕ್ಸಿನಿಂದ ಕಿತ್ತು ಬಂತು. "ಕಾಕಾ, ಸೈರನ್ ಒದರವಲ್ದು!" ಅಂತ ಹುಡುಗ ಕೂಗಿದ. ಬಾವುಟ ಹಿಡಿದವರು ಹಿಂದಿನ ಗಾಡಿ ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಆ ಕೂಗು ಮಾತ್ರ ಇನ್ನೂ ಕಿವಿಯಲ್ಲಿದೆ.

ಟೈರ್ ಗೋಡೆ ಸರಿಯಬೇಕು. ಸರಿದರೇ ಅದು ಗುದ್ದಿನ ಜೋರು ನುಂಗುವುದು. ಹಾಗಾಗಿ ಕೇಬಲ್ ಅದರ ಹಿಂದೆ, ಎರಡು ಮಾರು ದೂರ ಬಿಟ್ಟು, ನೆಲದೊಳಗೆ ಹೋಗಲಿ.

ಪೈಪ್ ಮೊದಲು, ಟೈರ್ ಆಮೇಲೆ. ಟ್ರ್ಯಾಕ್ ದಾಟುವ ಕಡೆ ಎರಡು ಅಡಿ ತೋಡಿ, ದಪ್ಪನೆಯ ಪೈಪ್ ಹಾಕಿ. ಪಕ್ಕದಲ್ಲಿ ಇನ್ನೊಂದು ಖಾಲಿ ಪೈಪ್, ಅದರೊಳಗೆ ನೈಲಾನ್ ಹಗ್ಗ ಇರಲಿ. ಮುಂದೆ ಹೊಸ ಕೇಬಲ್ ಬೇಕಾದರೆ ಟ್ರ್ಯಾಕ್ ಅಗೆಯುವುದು ತಪ್ಪುತ್ತದೆ. ನಮ್ಮದು ಎರೆ ಮಣ್ಣು, ಗೊತ್ತಲ್ವಾ? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಉಬ್ಬುತ್ತದೆ. ಹೆಂಟೆ ತುಂಬಿದರೆ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಸುತ್ತ ಮರಳು, ಮೇಲೆ ಗರಸು ಹಾಕಿ ದಮ್ಮಸು ಮಾಡಿ. ಕೇಬಲ್ಲನ್ನು ಬಿಗಿಯಾಗಿ ಎಳೆಯಬೇಡಿ, ಎರಡೂ ತುದಿಗೆ ಒಂದೊಂದು ಸುತ್ತು ಜಾಸ್ತಿ ಬಿಡಿ. ಇಲಿ ನುಗ್ಗದಂತೆ ಪೈಪಿನ ಬಾಯಿ ಮುಚ್ಚಿ.

ಕರೆಂಟಿನ ಕೇಬಲ್, ಮೈಕಿನ ಕೇಬಲ್ ಒಂದೇ ಪೈಪಿನಲ್ಲಿ ಬೇಡ. ಜನರೇಟರಿಗೆ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇರಲೇಬೇಕು.

ಟೈರುಗಳನ್ನು ಸುಮ್ನೆ ಪೇರಿಸಬೇಡಿ, ಚದುರುತ್ತವೆ. ಅಗಲ ವಾಷರ್ ಹಾಕಿ ಒಂದಕ್ಕೊಂದು ಬೋಲ್ಟ್ ಮಾಡಿ, ಬೋಲ್ಟಿನ ತುದಿ ಟ್ರ್ಯಾಕಿನ ಕಡೆ ಬರಬಾರದು. ಮುಂದೆ ಹಳೆಯ ಕನ್ವೇಯರ್ ಬೆಲ್ಟ್ ಹೊದಿಸಿ. ಇಲ್ಲದಿದ್ದರೆ ಕಾರಿನ ಮೂತಿ ಟೈರುಗಳ ಸಂದಿಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ. ನೀರು ನಿಲ್ಲದಂತೆ ಟೈರಿನ ಕೆಳಬದಿಗೆ ತೂತು ಹಾಕಿ.

ಟೈರಿನ ಬದಲು ಕಣಿಕೆ (ಒಣಗಿದ ಜೋಳದ ದಂಟು) ಪೆಂಡಿ ಸಾಕಲ್ವಾ ಅಂತ ಊರವರು ಕೇಳುತ್ತಾರೆ. ಕಾರಿನ ಟ್ರ್ಯಾಕಿಗೆ ಖಂಡಿತ ಬೇಡ. 1967ರಲ್ಲಿ ಮೊನಾಕೊ ರೇಸಿನಲ್ಲಿ ಚಾಲಕ ಲೊರೆಂಜೊ ಬಂಡಿನಿಯವರ ಫೆರಾರಿ ಕಾರಿಗೆ ಬೆಂಕಿ ಹತ್ತಿದಾಗ, ಟ್ರ್ಯಾಕಿನ ಅಂಚಿನ ಹುಲ್ಲಿನ ಪೆಂಡಿಗಳು ಅದನ್ನು ಇನ್ನಷ್ಟು ಉರಿಸಿದವು. ಮೂರು ದಿನದ ಮೇಲೆ ಅವರು ತೀರಿಕೊಂಡರು.

ರೇಸಿನ ಹಿಂದಿನ ದಿನ ಟ್ರ್ಯಾಕ್ಟರಿನಿಂದ ಪ್ರತಿ ತಿರುವಿನ ಟೈರ್ ಸಾಲನ್ನು ಒಂದು ಗೇಣು ಮೆಲ್ಲಗೆ ತಳ್ಳಿಸಿ. ಆಮೇಲೆ ಅಲ್ಲಿನ ಸೈರನ್ ಒತ್ತಿ ನೋಡಿ. ಒದರಿದರೆ ಸಾಲನ್ನು ಮತ್ತೆ ಜಾಗಕ್ಕೆ ಎಳೆದು, ಮುಂದಿನ ತಿರುವಿಗೆ ಹೋಗಿ.