ಅದಿರಿನೂರಲ್ಲಿ ಮನೆ ಕೊಳ್ಳೋ ಮುಂಚೆ

ಪರ್ತ್‌ನಲ್ಲಿರೋ ಅಕ್ಕನ ಮಗ ಫೋನ್ ಮಾಡಿ, 'ಮಾವ, ಪೋರ್ಟ್ ಹೆಡ್‌ಲ್ಯಾಂಡಲ್ಲಿ ಒಂದು ಮನೆ ನೋಡಿದೀನಿ, ಬಾಡಿಗೇಲೇ ಸಾಲದ ಕಂತು ಹೋಗುತ್ತೆ' ಅಂದ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಬ್ಬಿಣದ ಅದಿರನ್ನ ಹಡಗಿಗೆ ತುಂಬೋ ಬಂದರೂರು ಅದು. ಇದೇ ಮಾತು ಹೇಳಿಕೊಂಡು ನಾನೂ ಸಂಸೆಯಲ್ಲಿ ಎರಡು ಬಾಡಿಗೆ ಮನೆ ಕಟ್ಟಿಸಿದ್ದೆ, ಕುದುರೆಮುಖ ಗಣಿಯ ಗುತ್ತಿಗೆ ಕೆಲಸದವರನ್ನ ನಂಬಿ. ಸುಪ್ರೀಂ ಕೋರ್ಟ್ ಆದೇಶಕ್ಕೆ 2005ರ ಕೊನೆಗೆ ಗಣಿ ನಿಂತಿತು. ಮುಂದಿನ ಮಳೆಗಾಲದಲ್ಲಿ ಹೋಗಿ ನೋಡ್ತೀನಿ, ಮೀಟರ್ ಡಬ್ಬಿಯೊಳಗೆ ಕಣಜ ಗೂಡು ಕಟ್ಟಿದೆ. ಕರೆಂಟಿನ ಮಿನಿಮಮ್ ಬಿಲ್ಲು ಮಾತ್ರ ತಪ್ಪದೆ ಬರೋದು.

ಅದಕ್ಕೇ ಅವನಿಗೆ ಹೇಳಿದೆ: ಈಗಿನ ಬಾಡಿಗೆ ನೋಡಬೇಡ, ಕೆಟ್ಟ ವರ್ಷದ್ದು ನೋಡು. ಕಬ್ಬಿಣದ ಅದಿರು 2011ರಲ್ಲಿ ಟನ್ನಿಗೆ 190 ಅಮೆರಿಕನ್ ಡಾಲರ್ ಹತ್ತಿರ ಇದ್ದದ್ದು 2015ರ ಕೊನೆಗೆ 40ಕ್ಕಿಂತ ಕೆಳಗೆ ಬಿತ್ತು. ಅದರ ಜೊತೆಗೇ ಅಲ್ಲಿ ಅದಿರು ಸಾಗಿಸೋ ರೈಲು ಹಳಿ, ಬಂದರು ಕಟ್ಟೋ ಕೆಲಸವೂ ಮುಗಿದಿತ್ತು. ಕಟ್ಟೋಕೆ ಸಾವಿರಾರು ಜನ ಬೇಕು, ಕಟ್ಟಿದ್ದನ್ನ ನಡೆಸೋಕೆ ಅಷ್ಟು ಬೇಡ. ಅವರಲ್ಲೂ ಎಷ್ಟೋ ಮಂದಿ ವಿಮಾನದಲ್ಲಿ ಬಂದು, ಕಂಪನಿ ಕ್ಯಾಂಪಲ್ಲಿ ಮಲಗಿ, ಪಾಳಿ ಮುಗಿಸಿ ವಾಪಸ್ ಹೋಗೋರು. ಹತ್ತು ಲಕ್ಷ ಡಾಲರ್ ಮೇಲೆ ಕೊಟ್ಟು ಕೊಂಡ ಮನೆಯನ್ನ ಮೂರನೇ ಒಂದು ಭಾಗಕ್ಕೆ ಮಾರಿದವರಿದ್ದಾರೆ ಅಲ್ಲಿ.

ನನ್ನ ಲೆಕ್ಕ ಹೀಗೆ. ಆಸ್ಟ್ರೇಲಿಯಾದಲ್ಲಿ ಬಾಡಿಗೆ ಹೇಳೋದು ವಾರದ ಮೇಲೆ. ವಾರಕ್ಕೆ 1000 ಡಾಲರ್ ಅಂತಿಟ್ಟುಕೊಳ್ಳಿ. ಏಜೆಂಟ್ 52 ವಾರ ಎಣಿಸ್ತಾನೆ, ನೀವು 40 ಎಣಿಸಿ, ಉಳಿದ ವಾರ ಮನೆ ಖಾಲಿ ಅಂತ. ಬಂದ 40000ದಲ್ಲಿ ಏಜೆಂಟ್ ಕಮಿಷನ್, ಕೌನ್ಸಿಲ್ ತೆರಿಗೆ, ರಿಪೇರಿ, ವಿಮೆ ಕಳೆಯಿರಿ. ಆಮೇಲೆ ಬಾಡಿಗೆ ಅರ್ಧಕ್ಕಿಳಿಸಿ ಮತ್ತೆ ಅದೇ ಲೆಕ್ಕ ಹಾಕಿ. ಕಂತಿಗೆ ಕಡಿಮೆ ಬಿದ್ದದ್ದನ್ನ ಎರಡು ವರ್ಷ ಸಂಬಳದಿಂದ ತುಂಬೋ ಶಕ್ತಿ ಇಲ್ಲದಿದ್ರೆ ಅಲ್ಲಿಗೇ ಬಿಡಿ. ವಿಮೆಯನ್ನ ಅಂದಾಜಲ್ಲಿ ಹಿಡೀಬೇಡಿ, ಅದೇ ವಿಳಾಸ ಕೊಟ್ಟು ಕೊಟೇಶನ್ ತರಿಸಿ; ನವೆಂಬರಿಂದ ಏಪ್ರಿಲ್‌ವರೆಗೆ ಚಂಡಮಾರುತ ಬರೋ ಕರಾವಳಿ ಅದು.

ಜಾಗವನ್ನ ಕಾಲಲ್ಲಿ ನಡೆದೇ ನೋಡಬೇಕು. ಬಂದರಿಗೆ ಅಂಟಿಕೊಂಡ ವೆಸ್ಟ್ ಎಂಡ್‌ನಲ್ಲಿ ಅದಿರಿನ ಧೂಳಿನ ಕಾರಣಕ್ಕೇ ಮಾಲೀಕರಿಂದ ಮನೆ ವಾಪಸ್ ಕೊಳ್ಳೋ ಯೋಜನೆ ಬಂದಿತ್ತು. ಎ.ಸಿ. ಫಿಲ್ಟರ್ ತೆಗೆದು ಬೆರಳಾಡಿಸು ಅಂದಿದ್ದೀನಿ. ಪಕ್ಕದ ಮನೆಯಲ್ಲಿರೋದು ಶಾಲೆ ಟೀಚರೋ, ನರ್ಸೋ, ಬರೀ ಗಣಿಯವರೋ ಅಂತಲೂ ಕೇಳಬೇಕು. ಸಂಸೆಯಲ್ಲಿ ನಾನು ಅದನ್ನೇ ಕೇಳಿರಲಿಲ್ಲ.

ವೀಸಾ ವಿಷಯ: ಅಲ್ಲಿಯ ಕಾಯಂ ನಿವಾಸಿಯಾಗಿದ್ರೆ ತೊಂದರೆಯಿಲ್ಲ. ತಾತ್ಕಾಲಿಕ ವೀಸಾದವರು, ವಿದೇಶದವರು ಹಳೇ ಮನೆ ಕೊಳ್ಳೋದನ್ನ 2025ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ, ಕೆಲವೇ ವಿನಾಯಿತಿ.

ಅಕ್ಕ ಬೇರೆ, ಕಾಫಿ ಮಾರಿದ ದುಡ್ಡು ಕಳಿಸ್ತೀನಿ ಅಂತಾಳೆ. ಭಾರತದಿಂದ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕಿನವರು ಶೇ. 20 ತೆರಿಗೆ ಮೊದಲೇ ಹಿಡೀತಾರೆ; ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬೇಕು. ಮನೆ ಪತ್ರದಲ್ಲಿ ಅವಳ ಹೆಸರೂ ಸೇರಿದ್ರೆ ಪ್ರತಿ ವರ್ಷ ರಿಟರ್ನಿನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು. 'ಅದೆಲ್ಲ ನೀನೇ ನೋಡ್ಕೋ' ಅಂದಳು. ನಮ್ಮ ಆಡಿಟರ್ ಹತ್ತಿರ ಸೋಮವಾರ ಕರ್ಕೊಂಡು ಹೋಗ್ತಿದ್ದೀನಿ.