ಹಿಮಬಿರುಗಾಳಿ ಬಂದಾಗ: ಅಮೆರಿಕದ ಸಣ್ಣ ಊರುಗಳ ಕನ್ನಡ ಮನೆಗಳಿಗೆ

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣದ ಊರುಗಳಲ್ಲಿ ಹಿಮದ ಲೆಕ್ಕವೇ ಬೇರೆ. ಇನ್ನೂ ಹೆಪ್ಪುಗಟ್ಟದ ಈರಿ ಸರೋವರದ ಮೇಲೆ ಹಾದು ಬರುವ ಕೊರೆಯುವ ಗಾಳಿ ನೀರಾವಿ ಹೀರಿಕೊಂಡು, ದಡ ದಾಟಿದ ಮೇಲೆ ಕಿರಿದಾದೊಂದು ಪಟ್ಟಿಯಲ್ಲಿ ಅಷ್ಟನ್ನೂ ಸುರಿಯುತ್ತದೆ. 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್‌ನಲ್ಲಿ ಸುಮಾರು 80 ಅಂಗುಲ ಬಿತ್ತು; ಉತ್ತರದ ಊರುಗಳಲ್ಲಿ ತೀರಾ ಕಡಿಮೆ. ಹಾಗಾಗಿ ಹತ್ತಿರದ ದೊಡ್ಡ ನಗರದ ಹವಾಮಾನ ನೋಡಿ ಸುಮ್ಮನಿರಬೇಡಿ. ನ್ಯಾಷನಲ್ ವೆದರ್ ಸರ್ವೀಸ್‌ನಲ್ಲಿ ನಿಮ್ಮದೇ ಜಿಪ್ ಕೋಡ್ ಹಾಕಿ ನೋಡಿ. ‘ವಾಚ್’ ಎಂದಿದ್ದರೆ ಸಾಮಾನು ತರುವ ಹೊತ್ತು. ‘ವಾರ್ನಿಂಗ್’ ಎಂದಿದ್ದರೆ ಮನೆಯೊಳಗಿರುವ ಹೊತ್ತು. ‘ಬ್ಲಿಝರ್ಡ್ ವಾರ್ನಿಂಗ್’ ಎಂದರೆ ಗಂಟೆಗೆ 35 ಮೈಲಿ ಅಥವಾ ಹೆಚ್ಚಿನ ಗಾಳಿ, ಕಾಲು ಮೈಲಿ ಆಚೆ ಏನೂ ಕಾಣದ ಸ್ಥಿತಿ, ಕನಿಷ್ಠ ಮೂರು ಗಂಟೆ. ಆಗ ಹಾಲು ತರಲೆಂದೂ ಕಾರು ತೆಗೆಯಬಾರದು.

ವಾಚ್ ಬಂದ ದಿನವೇ ಕಾರಿನ ಟ್ಯಾಂಕ್ ತುಂಬಿಸಿ, ರಸ್ತೆ ಬದಿಯಲ್ಲಿದ್ದರೆ ಡ್ರೈವ್‌ವೇಗೆ ತಂದುಬಿಡಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳು ವಾರಕ್ಕಾಗುವಷ್ಟಿವೆಯೇ ನೋಡಿ. ಊರಿಂದ ಬಂದಿರುವ ಅಪ್ಪ ಅಮ್ಮನ ಮಾತ್ರೆ ಡಬ್ಬಿಯನ್ನು ನೀವೇ ತೆರೆದು ಎಣಿಸಿ. ‘ಇದೆ ಬಿಡಪ್ಪ’ ಎನ್ನುವುದು ಅವರ ಅಭ್ಯಾಸ. ಕುಡಿಯುವುದಕ್ಕೂ ಅಡುಗೆಗೂ ತಲೆಗೆ ದಿನಕ್ಕೊಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು, ಮೂರು ದಿನಕ್ಕಾಗುವಷ್ಟು ಹಿಡಿದಿಡಿ. ಸಣ್ಣ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಸ್ವಂತ ಬಾವಿ. ಕರೆಂಟ್ ಹೋದರೆ ಪಂಪ್ ನಿಂತು, ಸ್ವಲ್ಪ ಹೊತ್ತಿಗೆ ನಲ್ಲಿಯೂ ನಿಲ್ಲುತ್ತದೆ. ಫ್ಲಶ್‌ಗೆಂದು ಬಾತ್‌ಟಬ್ ತುಂಬಿಸಿಡಿ. ಪುಟ್ಟ ಮಕ್ಕಳಿದ್ದರೆ ಆ ಬಾಗಿಲು ಭದ್ರವಾಗಿ ಹಾಕಿರಲಿ.

ಊಟದ ವಿಷಯದಲ್ಲಿ ನಮಗೆ ಅವಲಕ್ಕಿ ಇರುವಾಗ ಚಿಂತೆ ಕಡಿಮೆ. ಒಲೆಯೇ ಬೇಡ: ತೆಳು ಅವಲಕ್ಕಿ, ಮೊಸರು, ಉಪ್ಪು, ಚಟ್ನಿಪುಡಿ. ಜೊತೆಗೆ ಹುರಿಗಡಲೆ, ಶೇಂಗಾ, ಬೆಲ್ಲ. ಕರೆಂಟ್ ಇರುವಾಗಲೇ ಫ್ಲಾಸ್ಕ್‌ಗಳಿಗೆ ಬಿಸಿನೀರು ತುಂಬಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಇನ್ಸುಲಿನನ್ನು ಮಾತ್ರ ‘ಹೇಗೂ ಹೊರಗೆ ಚಳಿಯಿದೆಯಲ್ಲ’ ಎಂದು ಹೊರಗಿಡಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಎಸೆಯಲಿಕ್ಕೇ ಸರಿ.

ಹೆಚ್ಚಿನವರು ಮರೆಯುವ ಜಾಗ ಒಂದಿದೆ. ಮನೆ ಬೆಚ್ಚಗಿಡುವ ಹೊಸ ಮಾದರಿಯ ಗ್ಯಾಸ್ ಫರ್ನೇಸ್‌ನ ಹೊಗೆ ಚಿಮಣಿಯಿಂದ ಹೋಗುವುದಿಲ್ಲ. ಪಕ್ಕದ ಗೋಡೆಯಿಂದ ಹೊರಚಾಚಿದ ಬಿಳಿ ಪಿವಿಸಿ ಕೊಳವೆಯಿಂದ ಹೋಗುತ್ತದೆ. ಸಾಮಾನ್ಯವಾಗಿ ಎರಡಿರುತ್ತವೆ: ಒಂದು ಗಾಳಿ ಒಳಗೆಳೆಯಲು, ಇನ್ನೊಂದು ಹೊಗೆ ಬಿಡಲು. ನೆಲಕ್ಕೆ ಹತ್ತಿರ ಇರುವುದರಿಂದ ಗಾಳಿ ತಂದು ಒಟ್ಟುವ ಹಿಮ ಮೊದಲು ಮುಚ್ಚುವುದು ಅದನ್ನೇ. ಮುಚ್ಚಿದರೆ ಒಳಗಿನ ಪ್ರೆಷರ್ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ. ಕರೆಂಟ್ ಇದೆ, ಥರ್ಮೋಸ್ಟಾಟ್ ಸರಿಯಿದೆ, ಆದರೂ ಬಿಸಿಗಾಳಿ ಬರುತ್ತಿಲ್ಲ ಎಂದರೆ ಮೊದಲು ಅಲ್ಲಿ ನೋಡಿ. ಸಲಿಕೆ ಬೀಸಬೇಡಿ, ಚಳಿಗೆ ಪೆಡಸಾದ ಪಿವಿಸಿ ಒಡೆದೀತು. ಕೈಗವಸು ಹಾಕಿಕೊಂಡು ಕೈಯಿಂದಲೇ ತೆಗೆಯಿರಿ, ಕೊಳವೆಯ ಬಾಯಿಗೆ ಕಟ್ಟಿದ ಐಸ್ ಬಿಡಿಸಿ, ಸುತ್ತ ಮೂರು ಅಡಿ ಖಾಲಿ ಮಾಡಿ. ಆಮೇಲೆ ಫರ್ನೇಸ್‌ನ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಹಿಮ ಬೀಳುತ್ತಿರುವಷ್ಟು ಕಾಲ ಕೆಲವು ಗಂಟೆಗಳಿಗೊಮ್ಮೆ ಕೊಳವೆ ನೋಡುತ್ತಿರಿ. ಗ್ಯಾಸ್ ಮೀಟರ್ ಮೇಲಿನ ಹಿಮಕ್ಕೂ ಪೊರಕೆಯೇ ಸಾಕು.

ಕರೆಂಟ್ ಹೋದರೆ ಗ್ಯಾಸ್ ಫರ್ನೇಸ್ ಕೂಡ ನಿಲ್ಲುತ್ತದೆ, ಬ್ಲೋವರ್ ತಿರುಗಲು ವಿದ್ಯುತ್ ಬೇಕಲ್ಲ. ಜನ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಆಗಲೇ. ಮಲೆನಾಡಿನ ಹೆಂಚಿನ ಮನೆಯಲ್ಲಿ ಅಗ್ಗಿಷ್ಟಿಕೆ ಉರಿಸಿದರೆ ಸಂದುಗಳಿಂದ ಗಾಳಿ ಆಡುತ್ತದೆ. ಇಲ್ಲಿನ ಮನೆಗಳನ್ನು ಗಾಳಿ ನುಸುಳದಂತೆ ಕಟ್ಟಿರುತ್ತಾರೆ. ಒಳಗೆ ಇದ್ದಿಲು, ಗ್ರಿಲ್, ಕ್ಯಾಂಪಿಂಗ್ ಒಲೆ ಹಚ್ಚಿದರೆ, ಗ್ಯಾಸ್ ಓವನ್ ಬಾಗಿಲು ತೆಗೆದು ಮೈ ಕಾಯಿಸಿದರೆ, ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರ ಫೆಬ್ರುವರಿಯಲ್ಲಿ ಚಳಿ ಬಿರುಗಾಳಿಗೆ ಕರೆಂಟ್ ಹೋಗಿ ಟೆಕ್ಸಾಸ್ ಕತ್ತಲಾದಾಗ ಹೀಗೆಯೇ ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯ ಕಡೆ ಬಾರದಂತೆ ಇರಬೇಕು. ಬಾಗಿಲು ತೆರೆದ ಗ್ಯಾರೇಜ್ ಕೂಡ ಸಲ್ಲದು. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ಜ್ವರ ಎಂದುಕೊಳ್ಳದೆ ಎಲ್ಲರೂ ಹೊರಗೆ ಬಂದು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಬ್ಯಾಟರಿಯಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆಗಳ ಹತ್ತಿರವೇ ಇರಲಿ.

ಬಿಸಿಯಿಲ್ಲದಿದ್ದರೆ ಎಲ್ಲರೂ ಒಂದೇ ಚಿಕ್ಕ ಕೋಣೆ ಸೇರಿ, ಬಾಗಿಲ ಸಂದಿಗೆ ಟವೆಲ್ ತುರುಕಿ. ಮೈಗೆ ಅಂಟುವ ಮೊದಲ ಪದರ ಹತ್ತಿ ಬನಿಯನ್ ಆಗಬಾರದು, ಅದು ಬೆವರು ಹಿಡಿದಿಟ್ಟು ಮೈ ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್ ಒಳ್ಳೆಯದು. ಅಪ್ಪನ ಮಂಕಿ ಟೋಪಿ ನೋಡಿ ನಗುವ ಮಕ್ಕಳಿಗೂ ಒಂದು ಹಾಕಿಬಿಡಿ. ವಯಸ್ಸಾದವರ ಮಾತು ತೊದಲಿದರೆ, ನಡುಗಿ ನಡುಗಿ ಮಂಕಾದರೆ ಮೈ ಶಾಖ 95 ಫ್ಯಾರನ್‌ಹೀಟ್‌ಗಿಂತ (35 ಸೆಲ್ಸಿಯಸ್) ಇಳಿದಿರಬಹುದು. 911ಕ್ಕೆ ಹೇಳಿ, ಆಂಬುಲೆನ್ಸ್ ಬರುವವರೆಗೆ ಕೈಕಾಲು ತಿಕ್ಕದೆ ಎದೆ, ಕುತ್ತಿಗೆ, ತೊಡೆಸಂದು ಮೊದಲು ಬೆಚ್ಚಗಾಗಿಸಿ. ಬ್ರಾಂದಿ ಕೊಡಬೇಡಿ.

ನೀರಿನ ಕೊಳವೆಗಳಿಗಾಗಿ ಥರ್ಮೋಸ್ಟಾಟನ್ನು 55ಕ್ಕಿಂತ (13 ಸೆಲ್ಸಿಯಸ್) ಇಳಿಸಬೇಡಿ. ಹೊರಗೋಡೆಗೆ ತಾಗಿದ ಸಿಂಕ್ ಕೆಳಗಿನ ಕಪಾಟು ತೆರೆದಿಟ್ಟು, ನಲ್ಲಿ ಸಣ್ಣಗೆ ತೊಟ್ಟಿಕ್ಕಲಿ. ಹೆಪ್ಪುಗಟ್ಟಿದರೆ ನಲ್ಲಿ ತೆರೆದು ಹೇರ್ ಡ್ರೈಯರ್ ಹಿಡಿಯಿರಿ, ಬೆಂಕಿ ಬೇಡ. ಮುಖ್ಯ ವಾಲ್ವ್ ಎಲ್ಲಿದೆ ಎಂಬುದು ಮನೆಯ ದೊಡ್ಡವರಿಗೆಲ್ಲ ಗೊತ್ತಿರಲಿ.

ದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ಇಳಿಯಬೇಡಿ. ಬಿಳಿ ಗಾಳಿಯಲ್ಲಿ ನೂರು ಅಡಿಗೇ ದಿಕ್ಕು ತಪ್ಪುತ್ತದೆ. ಮೊದಲು ಎಕ್ಸಾಸ್ಟ್ ಕೊಳವೆಯ ಹಿಮ ತೆಗೆಯಿರಿ, ಆಮೇಲೆ ಗಂಟೆಗೆ ಹತ್ತು ನಿಮಿಷ ಇಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿಡಿ. 2022ರ ಡಿಸೆಂಬರ್ ಬಿರುಗಾಳಿಯಲ್ಲಿ ಬಫಲೋ ಸುತ್ತ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕಾರಿನಲ್ಲಿ ಸಿಕ್ಕಿಕೊಂಡವರೂ ಇದ್ದರು, ಹಿಮ ಎತ್ತುತ್ತ ಹೃದಯಾಘಾತವಾದವರೂ ಇದ್ದರು.

ಆದ್ದರಿಂದ ಬಿರುಗಾಳಿ ನಿಂತ ಮೇಲೂ ಅವಸರ ಬೇಡ. ಸಲಿಕೆಯಿಂದ ಹಿಮವನ್ನು ಎತ್ತುವುದಕ್ಕಿಂತ ತಳ್ಳಿ, ಕಾಲು ಗಂಟೆಗೊಮ್ಮೆ ನಿಲ್ಲಿ. ಎದೆ ಹಿಡಿದಂತಾದರೆ, ಎಡಗೈ ಸೆಳೆದರೆ ಗ್ಯಾಸ್ ಎಂದು ಮಜ್ಜಿಗೆ ಕುಡಿಯುತ್ತ ಕೂರದೆ 911ಕ್ಕೆ ಫೋನ್ ಮಾಡಿ. ರಸ್ತೆಗೆ ಮುಖ ಮಾಡಿ ನಿಂತು ಹಿಮವನ್ನು ಬಲಕ್ಕೆ ಒಟ್ಟಿ, ಎಡಗಡೆ ರಸ್ತೆಯಂಚಿನಲ್ಲಿ ಹತ್ತು ಅಡಿಯಷ್ಟು ಖಾಲಿ ಮಾಡಿ. ರಸ್ತೆಯ ಹಿಮ ತಳ್ಳುವ ಗಾಡಿ, ಅಂದರೆ ಪ್ಲೋ, ನಿಮ್ಮ ಬದಿಯಲ್ಲಿ ಬರುವುದು ಎಡದಿಂದ, ಹೊತ್ತು ತಂದದ್ದನ್ನು ಆ ಖಾಲಿ ಜಾಗಕ್ಕೆ ಸುರಿದು ಮುಂದೆ ಹೋಗುತ್ತದೆ. ನಿಮ್ಮ ಡ್ರೈವ್‌ವೇ ಬಾಯಿಗೆ ಬೀಳುವುದು ಅಷ್ಟರಮಟ್ಟಿಗೆ ಕಡಿಮೆ. ಮನೆಯೆದುರು ಫೈರ್ ಹೈಡ್ರಂಟ್ ಇದ್ದರೆ ಅದರ ಸುತ್ತಲೂ ಮೂರು ಅಡಿ ಬಿಡಿಸಿ. ಇಂಥ ಊರುಗಳಲ್ಲಿ ಬೆಂಕಿ ಆರಿಸಲು ಬರುವವರು ಹೆಚ್ಚಾಗಿ ಸ್ವಯಂಸೇವಕರು, ಹಿಮ ಅಗೆದು ಅದನ್ನು ಹುಡುಕುತ್ತ ಕೂರುವಷ್ಟು ಹೊತ್ತು ಅವರಿಗಿರುವುದಿಲ್ಲ.