ನಡಿಗೆ ತಪ್ಪಿದ ಮರುದಿನ ಏನು ಮಾಡಬೇಕು

ಬೇಸಿಗೆಯಲ್ಲಿ ಆರಂಭಿಸಿದ ಬೆಳಗಿನ ನಡಿಗೆ ಜೂನ್ ಮಳೆಗೆ ನಿಂತುಹೋಗುವುದು ಕೊಡಗಿನಲ್ಲಿ ಸಾಮಾನ್ಯವಾದ್ದರಿಂದ, ಮಡಿಕೇರಿ, ಭಾಗಮಂಡಲದ ಕಡೆಯವರು ಮಳೆಗಾಲದ ಏರ್ಪಾಡನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. "ಮಳೆ ಬಂದರೆ ನೋಡೋಣ" ಎನ್ನುವುದು ನಿರ್ಧಾರವಲ್ಲ. "ಬೆಳಿಗ್ಗೆ ಮಳೆಯಿದ್ದರೆ, ಕಾಫಿ ಕುಡಿದ ಕೂಡಲೇ ಜಗಲಿಯಲ್ಲಿ ಹತ್ತು ನಿಮಿಷ ನಡೆಯುತ್ತೇನೆ" ಎಂದು ಬರೆದಿಟ್ಟುಕೊಳ್ಳಿ. ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ ಅಧ್ಯಯನ ಮಾಡಿದ ಈ ಕ್ರಮದಲ್ಲಿ ತೀರ್ಮಾನವು ಮೊದಲೇ ಆಗಿರುವುದರಿಂದ, ಚಳಿಯಲ್ಲಿ ಹೊದಿಕೆಯೊಳಗೆ ಮಲಗಿ ಮನಸ್ಸಿನೊಡನೆ ವಾದಿಸಬೇಕಾಗುವುದಿಲ್ಲ.

ಇಷ್ಟಾದರೂ ಕೆಲವು ದಿನ ತಪ್ಪುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ರೂಢಿಯಾಗಲು ವ್ಯಕ್ತಿಯಿಂದ ವ್ಯಕ್ತಿಗೆ ಅಂದಾಜು 18ರಿಂದ 254 ದಿನಗಳು ಹಿಡಿಯುತ್ತವೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ನಷ್ಟವಾಗುವುದು "ಹೇಗೂ ಕೆಟ್ಟಿತು" ಎಂದು ಕೈಬಿಟ್ಟಾಗ. ಹುತ್ತರಿ ಹಬ್ಬದ ಊಟದ ಮರುದಿನ ಪಥ್ಯ ಬಿಟ್ಟವರನ್ನು ನಾವೆಲ್ಲರೂ ಬಲ್ಲೆವು.

ಅಂಥ ದಿನ ನೆರೆಮನೆಯವರಿಗೆ ಹೇಳುವಷ್ಟೇ ಸೌಮ್ಯವಾಗಿ ನಿಮಗೂ ಹೇಳಿಕೊಳ್ಳಿ: ತಪ್ಪಿತು, ಎಲ್ಲರಿಗೂ ತಪ್ಪುತ್ತದೆ, ನಾಳೆ ಐದು ನಿಮಿಷವಾದರೂ ನಡೆಯೋಣ. ಇದನ್ನು ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿ ಎಂದು ಹಿರಿಯರು ಗದರಬಹುದು. ಆದರೆ ತನ್ನನ್ನೇ ಹಳಿದುಕೊಂಡವನು ಮರುದಿನ ಬೇಗ ಎದ್ದದ್ದನ್ನು ನಾನಂತೂ ಕಂಡಿಲ್ಲ.

ಹೊಗೆಸೊಪ್ಪು, ಮದ್ಯದ ಚಟಗಳಿಗೆ ಮಾತ್ರ ಇಷ್ಟೇ ಸಾಲದು. ನಿತ್ಯ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸುವುದು ಅಪಾಯಕಾರಿಯಾದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ತಂಬಾಕು ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800112356 ಇದೆ.